ನಾಲ್ಕಿಂಚು ತೂತಿಗೂ ಬೋರ್‌ವೆಲ್ ಅರ್ಜಿ ಬೇಕಂತೆ!

ಪೀಣ್ಯದಲ್ಲಿ ಒಂದು ಹಳೇ ಪ್ಲೇಟಿಂಗ್ ಶೆಡ್, ಅಂದರೆ ತೊಟ್ಟಿಯಲ್ಲಿ ಅದ್ದಿ ಲೋಹಕ್ಕೆ ಕ್ರೋಮಿಯಂ ಲೇಪ ಕೊಡುತ್ತಿದ್ದ ಜಾಗ. ಜಾಗ ಕೊಳ್ಳುವವರಿಗೆ ಅಡಿಯ ಮಣ್ಣಿನಲ್ಲಿ ಕ್ರೋಮಿಯಂ ಇಳಿದಿದೆಯಾ ಅಂತ ಗೊತ್ತಾಗಬೇಕು. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಸಿಕ್ಕಿರುವುದು ಹೊಸ ಸುದ್ದಿಯೇನಲ್ಲ, ಅವರು ಕೇಳಿದ್ದು ಸರಿಯಾಗೇ ಇದೆ. ನಾವು ಮಾಡುವುದಿಷ್ಟು: ನಾಲ್ಕಿಂಚು ಅಗಲದ ತೂತು ಕೊರೆದು ಮಣ್ಣು ತೆಗೆಯುತ್ತೇವೆ. ಒಂದೆರಡರಲ್ಲಿ ಪೈಪ್ ಇಳಿಸಿ ನೀರಿನ ಸ್ಯಾಂಪಲ್ ಹಿಡಿಯುತ್ತೇವೆ. ಆಮೇಲೆ ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿಮಣ್ಣು), ಸಿಮೆಂಟ್ ತುಂಬಿ ಮುಚ್ಚುತ್ತೇವೆ.

ಇದಕ್ಕೆ ಅನುಮತಿ ಕೇಳಿದರೆ ಕಚೇರಿಯಲ್ಲಿ ಕೈಗೆ ಕೊಟ್ಟಿದ್ದು ಬೋರ್‌ವೆಲ್ ಅರ್ಜಿ. ಮೋಟಾರು ಎಷ್ಟು ಎಚ್‌ಪಿ? ದಿನಕ್ಕೆ ಎಷ್ಟು ನೀರು ಎತ್ತುತ್ತೀರಿ? ಕುಡಿಯೋಕಾ, ವ್ಯವಸಾಯಕ್ಕಾ, ಕೈಗಾರಿಕೆಗಾ? ಎತ್ತೋದೇ ಇಲ್ಲ ಸ್ವಾಮಿ, ಎರಡು ಬಾಟಲಿ ಸಾಕು ಅಂದರೆ, ‘ಖಾಲಿ ಬಿಟ್ರೆ ಸಿಸ್ಟಮ್ ತಗೊಳ್ಳಲ್ಲ ಸಾರ್, ಏನಾದ್ರೂ ಒಂದು ಬರೀರಿ’ ಅಂತಾರೆ. ಅಂದರೆ ಸುಳ್ಳು ಬರೆದು ಸಹಿ ಹಾಕಬೇಕು. 2011ರ ಅಂತರ್ಜಲ ಕಾಯ್ದೆ ಬೇಕಾಬಿಟ್ಟಿ ಬೋರ್ ಕೊರೆಯುವುದನ್ನು ತಡೆಯಲಿ, ಬೇಡ ಅಂದವರು ಯಾರು? ಮಕ್ಕಳು ಕೊಳವೆಬಾವಿಗೆ ಬಿದ್ದದ್ದನ್ನು ಕಂಡ ರಾಜ್ಯ ಇದು, ಅಧಿಕಾರಿಗಳು ಹೆದರುವುದೂ ನ್ಯಾಯವೇ. ಆದರೆ ನೀರೆತ್ತುವ ಬಾವಿಗೂ ಸ್ಯಾಂಪಲ್ ತೂತಿಗೂ ವ್ಯತ್ಯಾಸ ಬೇಡ್ವಾ?

ಕಾಂಪೌಂಡಿನ ಹೊರಗೂ ಒಂದು ತೂತು ಬೇಕು. ವಿಷ ಈ ಶೆಡ್ಡಿನದಾ, ಮೇಲ್ಗಡೆ ಜಾಗದಿಂದ ನೀರಿನ ಜೊತೆ ಬಂದದ್ದಾ ಅಂತ ತಿಳಿಯೋದು ಅದರಿಂದಲೇ. ಅದು ಫುಟ್‌ಪಾತ್, ಹಾಗಾಗಿ ಇನ್ನೊಂದು ಕಚೇರಿ, ರಸ್ತೆ ಅಗೆತದ ಅರ್ಜಿ. ‘ಉದ್ದ ಎಷ್ಟು ಮೀಟರ್?’ ಉದ್ದ ಇಲ್ಲ, ದುಂಡಗಿದೆ ಅಂದೆ. ಗುಮಾಸ್ತರು ನನ್ನ ಮುಖ ನೋಡಿ ‘ಒಂದು ಮೀಟರ್’ ಅಂತ ಒತ್ತಿದರು. ಕೇಬಲ್ ಎಲ್ಲೆಲ್ಲಿದೆ, ನಕ್ಷೆ ಕೊಡಿ ಅಂತ ಕೇಳಿದ್ದಕ್ಕೆ ಒಬ್ಬ ಲೈನ್‌ಮನ್ ಬಂದರು. ಚಪ್ಪಲಿ ತುದಿಯಲ್ಲಿ ನೆಲ ಗೀರಿ, ‘ಇಲ್ಲೇ ಎಲ್ಲೋ ಹೋಗಿರ್ಬೇಕು’ ಅಂದರು. ಅಷ್ಟೇ ನಕ್ಷೆ. ಮೊದಲ ನಾಲ್ಕಡಿಯನ್ನು ಹಾರೆ ಹಿಡಿದು ಕೈಯಲ್ಲೇ ಅಗೆಯುವುದು ಸುಮ್ನೆ ಅಲ್ಲ!

ಕೊನೆಗೆ ಅನುಮತಿ ಬಂತು. ಯಾವಾಗಿಗೆ? ಶನಿವಾರ ರಾತ್ರಿಗೆ, ಟ್ರಾಫಿಕ್ ಕಡಿಮೆ ಅಂತ. ಪ್ರಿಸರ್ವೇಟಿವ್ ಹಾಕದ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ನೋಡಬೇಕಾದರೆ, ಐಸ್ ಬಾಕ್ಸಿನಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆ ಮುಗಿಸಬೇಕು. ಭಾನುವಾರ ಲ್ಯಾಬ್‌ಗೆ ಬೀಗ. ದಿನ ಬದಲಿಸಿಕೊಡಿ ಅಂದರೆ ಹೊಸ ಅರ್ಜಿ, ಹೊಸ ಶುಲ್ಕ. ಕೊರೆಯುವ ಯಂತ್ರದವರ ವೇಟಿಂಗ್ ಚಾರ್ಜ್ ಬೇರೆ. ಅದನ್ನು ಯಾವ ಕಚೇರಿಯೂ ಕೊಡಲ್ಲ.

ಇಷ್ಟು ವರ್ಷ ಆ ಶೆಡ್ಡಿನಲ್ಲಿ ತೊಟ್ಟಿ ಸೋರುವಾಗ ಒಬ್ಬರೂ ಅರ್ಜಿ ಕೇಳಲಿಲ್ಲ, ಅಲ್ವಾ?

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೇ ನಿಯಮ ತಂದಿದೆ. ಅನುಮಾನ ಇರುವ ಜಾಗದ ಮೊದಲ ತಪಾಸಣೆಗೆ 90 ದಿನದ ಗಡುವಿದೆ. ಒಳ್ಳೆಯದೇ. ಆದರೆ ಆ ತಪಾಸಣೆಗೂ ಮಣ್ಣು ತೆಗೆಯಬೇಕು, ಅದಕ್ಕೂ ಯಾರಾದರೂ ಹೀಗೆಯೇ ಎಚ್‌ಪಿ ಬರೆಯುತ್ತಾ ಕೂತರೆ ಗಡುವು ಅರ್ಜಿಯಲ್ಲೇ ತೀರುತ್ತೆ.

ನಾವೇನು ವಿನಾಯಿತಿ ಕೇಳ್ತಿಲ್ಲ. ಒಂದೇ ಪುಟದ ಬೇರೆ ಅರ್ಜಿ ಮಾಡಿ. ಯಾರು ಕೊರೆಯುತ್ತಾರೆ, ಎಷ್ಟು ಆಳ, ಯಾವತ್ತು, ಹೇಗೆ ಮುಚ್ಚುತ್ತಾರೆ, ಮಣ್ಣಲ್ಲಿ ವಿಷ ಸಿಕ್ಕರೆ ಯಾರಿಗೆ ತಿಳಿಸುತ್ತಾರೆ, ಇಷ್ಟು ಕೇಳಿ. ಮುಚ್ಚಿದ ಮೇಲೆ ಫೋಟೊ ಕೇಳಿ, ಬಂದು ನೋಡಿ. ದಿನ ಮಾತ್ರ ಸೋಮವಾರ ಕೊಡಿ.