ರಷ್ಯಾದವರಿಗೆ ಮನೆ ಕೊಡಬಾರದು ಎಂಬ ಮೆಸೇಜ್ ಸುಳ್ಳು

ಯೋಗ ಕಲಿಯಲು ಬರುವ ವಿದೇಶಿಯರಿಗೆ ಮನೆ ಬಾಡಿಗೆಗೆ ಕೊಡುವ ಮೈಸೂರಿನ ಗೋಕುಲಂ ಬಡಾವಣೆಯ ಮಾಲೀಕರ ನಡುವೆ ಯುಕ್ರೇನ್ ಯುದ್ಧದ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ: ‘ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕ್ಕೆ ಪ್ರಜೆಗಳೂ ಹೊಣೆ. ರಷ್ಯಾದವರನ್ನು ಖಾಲಿ ಮಾಡಿಸಿ. ಅವರು ಯಾಕೆ ಸುಮ್ನಿದ್ದಾರೆ?’

ಯುದ್ಧದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ದೇಶಗಳು ಮಾಡಿಕೊಂಡ ಈ ಒಪ್ಪಂದ ಹೇಳುವುದು ಇದಕ್ಕೆ ತದ್ವಿರುದ್ಧ. ತಾನು ಮಾಡದ ತಪ್ಪಿಗೆ ಯಾರನ್ನೂ ಶಿಕ್ಷಿಸುವಂತಿಲ್ಲ, ಸಾಮೂಹಿಕ ಶಿಕ್ಷೆ ಕೂಡದು ಎನ್ನುತ್ತದೆ 1949ರ ನಾಲ್ಕನೇ ಜಿನೀವಾ ಒಪ್ಪಂದದ 33ನೇ ವಿಧಿ. ಅದನ್ನು ಬರೆದದ್ದೇ ಯುದ್ಧದಲ್ಲಿ ಎದುರಾಳಿಯ ಕೈಗೆ ಸಿಕ್ಕ ನಾಗರಿಕರಿಗಾಗಿ. ಅವರನ್ನೇ ಹಾಗೆ ಶಿಕ್ಷಿಸಬಾರದು ಅಂದಮೇಲೆ, ವೀಸಾ ಪಡೆದು ನಮ್ಮೂರಿಗೆ ಬಂದವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಯಾವ ನ್ಯಾಯ? ಭಾರತವಂತೂ ರಷ್ಯಾದ ಮೇಲೆ ನಿರ್ಬಂಧವನ್ನೇ ಹೇರಿಲ್ಲ.

ಇನ್ನು ಸುಮ್ಮನಿರುವ ಮಾತು. 2022ರ ಮಾರ್ಚ್‌ನಲ್ಲಿ ರಷ್ಯಾ ತಂದ ಕಾನೂನಿನಲ್ಲಿ, ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು. ಅಷ್ಟಿದ್ದರೂ ಬೀದಿಗಿಳಿದವರಿದ್ದಾರೆ, ಜೈಲು ಸೇರಿದವರಿದ್ದಾರೆ.

ಯುಕ್ರೇನ್ ಜನರ ನೋವು ಕಂಡರೆ ನನಗೂ ಕೋಪ ಬರುತ್ತದೆ. ಆದರೆ 2023ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಕೂಡ ವಾರಂಟ್ ಹೊರಡಿಸಿದ್ದು ಅಧ್ಯಕ್ಷ ಪುಟಿನ್ ಮತ್ತು ಒಬ್ಬ ಅಧಿಕಾರಿಯ ಹೆಸರಿಗೆ. ಬಾಡಿಗೆಗಿರುವ ಹುಡುಗಿ ಆ ಯುದ್ಧಕ್ಕೇನು ಮಾಡಿಯಾಳು?

ಮಾಲೀಕರು ಮರೆಯಬಾರದ ನಿಯಮ ಬೇರೆ ಇದೆ: ಯಾವ ದೇಶದವರೇ ಬಂದು ಉಳಿದರೂ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು.