ಚರಗ ಚೆಲ್ಲಿದ್ದು ಕಳೆಗೆ

ಎಳ್ಳಮಾಸೆಯ ದಿನ ಹೊಲವಿಲ್ಲದವನು ಭೂತಾಯಿಗೆ ಅಡುಗೆಯ ಎಡೆಯಾದ ಚರಗವನ್ನು ಎಲ್ಲಿ ಚೆಲ್ಲಬೇಕು ಎಂಬ ಪ್ರಶ್ನೆ ಜಾರ್ಜಿಯಾಕ್ಕೆ ಬಂದ ಮೊದಲ ಚಳಿಗಾಲದಲ್ಲಿಯೇ ನಮಗೆ ಎದುರಾಯಿತು. ಅಟ್ಲಾಂಟಾ ನಗರದ ಹೊರವಲಯದಲ್ಲಿ ನಾವು ಕೊಂಡ ಮನೆಯ ಮುಂದೆ ಒಂದು ಹುಲ್ಲುಹಾಸು ಇತ್ತು. ನವೆಂಬರಿನ ಹೆಪ್ಪುಗಟ್ಟುವ ಚಳಿಗೆ ಅದು ಜೋಳದ ಕಣಿಕೆಯ ಬಣ್ಣಕ್ಕೆ ತಿರುಗಿ ಸತ್ತಂತೆ ಮಲಗಿತ್ತು. ಆ ಬಣ್ಣಗೆಟ್ಟ ನೆಲದಲ್ಲಿ ಅಲ್ಲಲ್ಲಿ ಅಂಗೈಯಗಲದ ಎಳೆಹಸಿರು ಗುಂಪುಗಳು ಮಾತ್ರ ತಲೆಯೆತ್ತಿದ್ದವು. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದ ಬೀದರಿನ ಗೆಳೆಯನ ಕುಟುಂಬದೊಡನೆ ಅಲ್ಲಿಯೇ ಚಾದರ ಹಾಸಿ ಕುಳಿತು, ಇಷ್ಟಾದರೂ ಹಸಿರು ಉಳಿದಿದೆಯಲ್ಲ ಎಂಬ ಸಮಾಧಾನದಿಂದ ನಾನು ಹಸಿರು ಕಂಡಲ್ಲೆಲ್ಲ ಚರಗ ಚೆಲ್ಲಿದೆ. ಮರುದಿನದಿಂದ ಆ ಗುಂಪುಗಳಿಗೆ ಪೈಪು ಹಿಡಿದು ನೀರು ಬಿಟ್ಟೆ; ಹಿಡಿ ಗೊಬ್ಬರವನ್ನೂ ಉದುರಿಸಿದೆ.

ಮಾರ್ಚ್ ತಿಂಗಳಲ್ಲಿ ಬಡಾವಣೆಯ ಸಂಘದಿಂದ ಪತ್ರ ಬಂತು. ನಿಮ್ಮ ಅಂಗಳದಲ್ಲಿ ಕಳೆ ಬೆಳೆದು ಬೀಜ ಕಟ್ಟುತ್ತಿದೆ, 14 ದಿನಗಳೊಳಗೆ ತೆಗೆಸತಕ್ಕದ್ದು ಎಂಬ ಎರಡು ಸಾಲು, ಜೊತೆಗೊಂದು ಫೋಟೊ. ಫೋಟೊದಲ್ಲಿದ್ದುದು ನಾನು ಚರಗ ಚೆಲ್ಲಿದ ಗುಂಪುಗಳೇ. ಜೇವರ್ಗಿ ತಾಲ್ಲೂಕಿನ ಒಕ್ಕಲು ಮನೆತನದವನೊಬ್ಬನಿಗೆ ಕಳೆ ಯಾವುದು, ಬೆಳೆ ಯಾವುದು ಎಂದು ಕಾಗದ ಬರೆದು ತಿಳಿಸಬೇಕಾಯಿತಲ್ಲ ಎಂಬ ಅವಮಾನ ಇನ್ನೂ ಹೋಗಿಲ್ಲ.

ಪಕ್ಕದ ಮನೆಯ ನಿವೃತ್ತ ಯಜಮಾನರನ್ನು ಕೇಳಿದೆ. ಅವರು ಮೊಳಕಾಲೂರಿ ಕುಳಿತು ಒಂದು ಗುಂಪನ್ನು ಬುಡಸಮೇತ ಕಿತ್ತು, ಎಲೆಯ ತುದಿಯನ್ನು ನನ್ನ ಬೆರಳಿನ ಮೇಲಿಟ್ಟು ತೋರಿಸಿದರು. ಅದು ದೋಣಿಯ ಮೂತಿಯಂತೆ ಮಡಚಿಕೊಂಡಿತ್ತು. ಮೇಲೆ ನವಿರಾದ ಬೆಳ್ಳನೆಯ ತೆನೆಗಳು. ಪೋವಾ ಆ್ಯನುವಾ ಎಂದು ಇದರ ಶಾಸ್ತ್ರೀಯ ಹೆಸರು. ಇದನ್ನು ಏನು ಮಾಡುವುದು ಎಂದದ್ದಕ್ಕೆ ಅವರು, ಈಗ ಮಾಡುವುದು ಹೆಚ್ಚೇನೂ ಇಲ್ಲ, ಸೆಪ್ಟೆಂಬರಿನಲ್ಲಿ ಮಾತಾಡೋಣ ಎಂದರು. ಮಾರ್ಚಿನ ಕಳೆಗೆ ಸೆಪ್ಟೆಂಬರಿನಲ್ಲಿ ಮದ್ದೆಂಬ ಮಾತು ಕೇಳಿ ನಾನು ಒಳಗೊಳಗೇ ನಕ್ಕಿದ್ದೆ.

ನಗುವ ಮಾತಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಈ ಹುಲ್ಲು ಬೇಸಿಗೆಯನ್ನು ಬೀಜವಾಗಿ ಮಣ್ಣಿನಲ್ಲಿ ಕಳೆಯುತ್ತದೆ. ಬೇಸಿಗೆಯ ಕಾವು ಇಳಿದು ಮೇಲ್ಮಣ್ಣಿನ ಉಷ್ಣತೆ ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಮೊಳೆಯತೊಡಗುತ್ತದೆ, ಚಳಿಗಾಲವಿಡೀ ಬೆಳೆದು, ವಸಂತದಲ್ಲಿ ಒಂದೊಂದು ಬುಡವೂ ನೂರಾರು ಬೀಜ ಉದುರಿಸಿ, ಮೇ ತಿಂಗಳ ಬಿಸಿಲಿಗೆ ಸಾಯುತ್ತದೆ. ನಮ್ಮ ಕಣ್ಣಿಗೆ ಅದು ಬೀಳುವುದು ಸುತ್ತಲಿನ ಹುಲ್ಲು ಒಣಗಿದ ಮೇಲೆ, ಅಂದರೆ ಅದು ಬೇರೂರಿ ತಿಂಗಳುಗಳಾದ ಮೇಲೆ. ಆದ್ದರಿಂದ ಇಲ್ಲಿಯವರು ಅದು ಮೊಳೆಯುವ ಮೊದಲೇ, ಸೆಪ್ಟೆಂಬರಿನ ಮೊದಲ ಪಕ್ಷದಲ್ಲಿ, ಮಣ್ಣಿನ ಮೇಲೆ ಮೊಳಕೆ ಏಳುವ ಮುನ್ನ ಹಾಕುವ ಕಳೆನಾಶಕವನ್ನು ಹರಡಿ, ಅರ್ಧ ಇಂಚಿನಷ್ಟು ನೀರು ಕೊಟ್ಟು ಇಳಿಸುತ್ತಾರೆ. ಪ್ರೋಡಿಯಮೈನ್, ಪೆಂಡಿಮಿಥಾಲಿನ್ ಮುಂತಾದ ಈ ಔಷಧಗಳು ಎದ್ದು ನಿಂತ ಹುಲ್ಲಿಗೆ ಏನೂ ಮಾಡಲಾರವು. ಆಗತಾನೇ ಒಡೆದ ಮೊಳಕೆಯ ಬೇರಿನ ತುದಿಯಲ್ಲಿ ಜೀವಕೋಶಗಳು ವಿಭಜನೆಯಾಗದಂತೆ ತಡೆದು, ಅದು ನೆಲದಿಂದ ಮೇಲೆ ಬರುವ ಮುನ್ನವೇ ಮುಗಿಸಿಬಿಡುತ್ತವೆ. ಯಜಮಾನರು ಮೊಳೆಯಂತಹ ಉಷ್ಣತಾಮಾಪಕವನ್ನು ನಾಲ್ಕಿಂಚು ಆಳಕ್ಕೆ ಚುಚ್ಚಿ, ಆಗಸ್ಟ್ ಕೊನೆಯಿಂದ ದಿನವೂ ಒಂದೇ ಹೊತ್ತಿಗೆ ನೋಡಿ ಬರೆದಿಡುತ್ತಾರೆ. ನೀರು ಅರ್ಧ ಇಂಚು ಆಯಿತೇ ಎಂದು ಅಳೆಯಲು ಮೀನಿನ ಖಾಲಿ ಡಬ್ಬಿಯೊಂದನ್ನು ಹುಲ್ಲಿನ ನಡುವೆ ಇಡುತ್ತಾರೆ. ಚಳಿಗಾಲದಲ್ಲಿ ನಾನು ಹಾಕಿದ ಗೊಬ್ಬರ ಮತ್ತು ಮೇಲಿಂದ ಮೇಲೆ ಬಿಟ್ಟ ನೀರು ಮಲಗಿದ್ದ ಹುಲ್ಲಿಗೆ ದಕ್ಕದೆ ಕಳೆಗೇ ಉಣಿಸಾಗಿತ್ತು ಎಂದು ಅವರೇ ತಿಳಿಸಿದರು.

ಇಷ್ಟೆಲ್ಲ ಕಾವಲು ಯಾವ ಹುಲ್ಲಿಗೆ ಎಂದು ಕೇಳಿದರೆ ನಮ್ಮ ಭಾಗದ ರೈತರು ನಕ್ಕಾರು. ಇಲ್ಲಿಯವರು ಬರ್ಮುಡಾ ಹುಲ್ಲು ಎನ್ನುವುದು ನಮ್ಮ ಕರಕಿಯನ್ನೇ, ಅಂದರೆ ಗರಿಕೆಯನ್ನೇ. ನನ್ನ ಅಂಗಳದಲ್ಲಿರುವ ಟಿಫ್‌ವೇ 419 ಎಂಬ ತಳಿಯು ನಮ್ಮ ಕರಕಿಯ ಜಾತಿಗೂ ಅದರ ಆಫ್ರಿಕದ ಬಂಧುವಿಗೂ ಹುಟ್ಟಿದ ಮಿಶ್ರತಳಿ. ಅದನ್ನು ಇದೇ ಜಾರ್ಜಿಯಾದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಿಂದ 1960ರಲ್ಲಿ ಬಿಡುಗಡೆ ಮಾಡಿದರು. ಈ ಸಂಗತಿಯನ್ನು ಫೋನಿನಲ್ಲಿ ಅಣ್ಣನಿಗೆ ಹೇಳಿದಾಗ ಆತ ಒಂದು ಗಳಿಗೆ ಸುಮ್ಮನಾದ.

“ಏನಂದಿ? ರೊಕ್ಕ ಕೊಟ್ಟು ಕರಕಿ ಹಚ್ಚೀರಿ? ಇಲ್ಲಿ ನಾವು ರೊಕ್ಕ ಕೊಟ್ಟು ಕರಕಿ ತೆಗಸ್ತೀವಲ್ಲೋ ತಮ್ಮ.”

ಆತನ ಮಾತು ಸುಳ್ಳಲ್ಲ. ಎರಿ ಹೊಲದಲ್ಲಿ ಕರಕಿ ಬಿದ್ದರೆ ಬೇಸಿಗೆಯಲ್ಲಿ ಗುದ್ದಲಿ ಹಾಕಿಸಿ, ಬೇರು ಆರಿಸಿ, ಬದುವಿನ ಮೇಲೆ ಬಿಸಿಲಿಗೆ ಒಣಹಾಕುವುದನ್ನು ನಾನೂ ಕಂಡವನು. ಆದರೆ ಇದೇ ಅಣ್ಣ ಕಲಬುರಗಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಗೇಟಿನ ಒಳಗೆ ಎರಡು ಮಂಚದಷ್ಟು ಲಾನು ಮಾಡಿಸಿದ್ದಾನೆ, ಮತ್ತು ಅದರಲ್ಲಿ ಎದ್ದ ಕಳೆಯನ್ನು ವರ್ಷಕ್ಕೆ ನಾಲ್ಕು ಬಾರಿ ಆಳು ಹಚ್ಚಿ ಕೀಳಿಸುತ್ತಾನೆ. ಮೊಳೆಯುವ ಮೊದಲೇ ಏನಾದರೂ ಮಾಡು ಎಂದರೆ, “ಇನ್ನೂ ಕಾಣವಲ್ತು, ಏನಂತ ಮಾಡ್ಲಿ?” ಎನ್ನುತ್ತಾನೆ. ನನ್ನ ತಕರಾರು ಇರುವುದು ಈ ಒಂದು ಮಾತಿನ ಬಗ್ಗೆ. ಅವನ ಪಕ್ಕದ ಖಾಲಿ ನಿವೇಶನದಲ್ಲಿ ಜುಲೈ ತಿಂಗಳಲ್ಲಿ ಕಾಂಗ್ರೆಸ್ ಕಸ ಬೆರಳೆತ್ತರ ಇದ್ದಾಗ ಮಗುವೊಂದು ಕಿತ್ತೊಗೆಯಬಹುದಾಗಿತ್ತು. ಆಗ ಯಾರಿಗೂ ಅದು ಕಾಣಲಿಲ್ಲ. ಸೊಂಟದೆತ್ತರ ಬೆಳೆದು, ಬಿಳಿ ಹೂವು ಬಿಟ್ಟು, ಓಣಿಯವರೆಲ್ಲ ಮೈ ಕೆರೆದುಕೊಳ್ಳತೊಡಗಿದ ಮೇಲೆ ದೂರು ಹೋಯಿತು, ಆಳುಗಳು ಬಂದರು, ಕುಡಗೋಲಿನಿಂದ ಕೊಯ್ದು ಅಲ್ಲಿಯೇ ಗುಡ್ಡೆ ಹಾಕಿದರು. ಅಷ್ಟರಲ್ಲಿ ಬೀಜವೆಲ್ಲ ನೆಲಕ್ಕೆ ಇಳಿದಾಗಿತ್ತು. ಕಳೆದ ಮೂರು ರಜೆಗಳಲ್ಲಿ ನಾನು ಇದೇ ನಾಟಕವನ್ನು ಅದೇ ನಿವೇಶನದಲ್ಲಿ ನೋಡಿದ್ದೇನೆ. ಎಷ್ಟೋ ಜಾಣರಿರುವ ಊರು, ಬೀಜ ಉದುರುವುದಕ್ಕೆ ಒಂದು ತಿಂಗಳು ಮೊದಲು ಎದ್ದೇಳಬಾರದೇ ಎಂದು ಸಿಟ್ಟು ಬರುತ್ತದೆ.

ಸಿಟ್ಟಿನಲ್ಲಿ ಒಂದೆರಡು ಸಂಗತಿಗಳನ್ನು ಮುಚ್ಚಿಟ್ಟೆನೆಂದು ಒಪ್ಪಿಕೊಳ್ಳಬೇಕು. ಕಲಬುರಗಿಯ ಚಳಿ ಕರಕಿಯನ್ನು ತಿಂಗಳುಗಟ್ಟಲೆ ಮಲಗಿಸುವಂತಹದಲ್ಲ. ನೀರಿದ್ದರೆ ಅದು ಮಾಗಿಯಲ್ಲಿಯೂ ಹಸಿರಾಗಿಯೇ ಇರುತ್ತದೆ, ಆದ್ದರಿಂದ ನನ್ನ ಅಂಗಳದಲ್ಲಿ ಚಳಿಗಾಲದ ಕಳೆಗೆ ಸಿಗುವಂತಹ ತೆರಪು ಅಣ್ಣನ ಲಾನಿನಲ್ಲಿ ಅದಕ್ಕೆ ಸಿಗುವುದಿಲ್ಲ. ಪೆಂಡಿಮಿಥಾಲಿನ್ ಎಂದರೆ ಆತನಿಗೆ ಹೊಸತೂ ಅಲ್ಲ. ತೊಗರಿ ಬಿತ್ತಿದ ಮರುದಿನವೇ ಊರಿನ ಹೊಲಕ್ಕೆ ಅದನ್ನು ಹೊಡೆಸುವವನು ಅವನೇ. ಅದರ ಹಳದಿ ಕಲೆ ಅಂಗಿಗೆ ಹತ್ತಿದರೆ ಹೋಗುವುದಿಲ್ಲವೆಂದು ನನಗೆ ಎಚ್ಚರಿಸಿದವನೂ ಅವನೇ, ಆದರೆ ನಾನು ಅಷ್ಟರಲ್ಲಿ ಇಲ್ಲಿಯ ಕಾಲುದಾರಿಯ ಸಿಮೆಂಟಿಗೆ ಆ ಬಣ್ಣ ಬಳಿದು ಮುಗಿಸಿದ್ದೆ.

ಇನ್ನೊಂದನ್ನು ನೆನೆಯಲು ನನಗೆ ಎರಡು ವರ್ಷ ಹಿಡಿಯಿತು. ಹಿಂಗಾರಿ ಜೋಳದ ಹೊಲವನ್ನು ಅಪ್ಪ ಮುಂಗಾರಿನಲ್ಲಿ ಖಾಲಿ ಬಿಡುತ್ತಿದ್ದರು. ಒಂದು ಮಳೆ ಬಿದ್ದು, ಕಸ ನಾಟಿ, ನೆಲಕ್ಕೆ ಹಸಿರು ಮಬ್ಬು ಹತ್ತುತ್ತಲೇ ಕುಂಟಿ ಹೊಡೆಯುತ್ತಿದ್ದರು. ಮತ್ತೊಂದು ಮಳೆಗೆ ಮತ್ತೆ ನಾಟಿದರೆ ಮತ್ತೆ ಕುಂಟಿ. ಬೆಳೆಯೇ ಇಲ್ಲದ ಹೊಲದಲ್ಲಿ ಎತ್ತುಗಳನ್ನು ಯಾಕೆ ದಣಿಸುತ್ತೀರಿ ಎಂದು ನಾನು ಕೇಳಿದಾಗ ಅವರು ಉತ್ತರಿಸದೆ ಕುಂಟಿಯ ದಿಂಡಿಗೆ ಸಿಕ್ಕಿದ ಬೇರು ಬಿಡಿಸುತ್ತಿದ್ದರು. ಉತ್ತರಿ ಮಳೆಗೆ ಬಿತ್ತುವ ಹೊತ್ತಿಗೆ ಮೇಲ್ಮಣ್ಣಿನ ಬೀಜವೆಲ್ಲ ಮೊಳೆತು ಸತ್ತಿರುತ್ತಿತ್ತು, ಎಳ್ಳಮಾಸೆಗೆ ಹೋದಾಗ ಸಾಲುಗಳ ನಡುವೆ ಬರೀ ಕರಿ ಮಣ್ಣು ಕಾಣುತ್ತಿತ್ತು. ನನ್ನ ನೆರೆಯ ಯಜಮಾನರು ಉಷ್ಣತಾಮಾಪಕ ಚುಚ್ಚುವ ದಿನಗಳೂ ಅಪ್ಪ ಕೊನೆಯ ಕುಂಟಿ ಹೊಡೆಯುತ್ತಿದ್ದ ಹುಬ್ಬಿ ಮಳೆಯ ದಿನಗಳೂ ಪಂಚಾಂಗದಲ್ಲಿ ಒಂದೇ ಪಕ್ಷದಲ್ಲಿ ಬೀಳುತ್ತವೆ. ಅಪ್ಪನ ಕುಂಟಿಗೆ ಮಣಿಯದ ಕಸ ಹುಟ್ಟಿತೆಂದು ನಾನು ಕೇಳಿಲ್ಲ; ಇಲ್ಲಿ ವರ್ಷ ವರ್ಷವೂ ಒಂದೇ ಬಗೆಯ ಔಷಧ ಹಾಕಿದ ಮೈದಾನಗಳಲ್ಲಿ ಅದಕ್ಕೆ ಜಗ್ಗದ ಪೋವಾ ಹುಟ್ಟಿಕೊಂಡಿದೆ, ಹಾಗಾಗಿ ಔಷಧದ ಗುಂಪನ್ನು ಬದಲಿಸುತ್ತಿರಬೇಕೆಂದು ಈಗ ಎಲ್ಲರೂ ಹೇಳುತ್ತಾರೆ.

ಈಗ ನಾನೂ ಸೆಪ್ಟೆಂಬರಿನಲ್ಲಿ ಔಷಧ ಹರಡುತ್ತೇನೆ, ಹುಲ್ಲನ್ನು ದಟ್ಟವಾಗಿ ಬೆಳೆಸುತ್ತೇನೆ, ಶರತ್ಕಾಲದಲ್ಲಿ ಗೊಬ್ಬರದ ಚೀಲ ಮುಟ್ಟುವುದಿಲ್ಲ. ಅಂಚೆಪೆಟ್ಟಿಗೆಯ ಬುಡದಲ್ಲಿ ಮಾತ್ರ ಒಂದು ಮೊಳ ಅಗಲದ ಪಟ್ಟಿಗೆ ಏನೂ ಹಾಕುವುದಿಲ್ಲ, ಯಂತ್ರವನ್ನೂ ಓಡಿಸುವುದಿಲ್ಲ, ಏಕೆಂದರೆ ಚೌತಿಗೆ ಗಣಪನ ತಲೆಗೇರಿಸುವ ಕರಕಿ ಔಷಧ ಉಂಡದ್ದಾಗಬಾರದೆಂದು ಹೆಂಡತಿಯ ಕಟ್ಟುನಿಟ್ಟು. ಡಿಸೆಂಬರ್ ಹೊತ್ತಿಗೆ ಆ ಪಟ್ಟಿಯಲ್ಲಿ ಎಂಟು ಹತ್ತು ಪೋವಾ ಗುಂಪುಗಳು ಏಳುತ್ತವೆ. ಊರಿನಿಂದ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದ ಖುರ್ಪಿಯಿಂದ ಎಳ್ಳಮಾಸೆಗೆ ಮೊದಲೇ ಅವನ್ನು ತೆಗೆದು, ಬರಿದಾದ ಆ ಜಾಗಕ್ಕೆ ಚರಗ ಚೆಲ್ಲುತ್ತೇನೆ.