ಜರ್ಮನಿಯ ಫೀಸಿಲ್ಲದ ಓದು ಹೊರದೇಶದವರಿಗೂ ಸಿಗಬೇಕಾ? ಪರ-ವಿರೋಧ

ಪರ: ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ

ಫೀಸ್ ಇದ್ದಿದ್ರೆ ದಾವಣಗೆರೆಯಿಂದ ಪೂರ್ವ ಜರ್ಮನಿಯ ಕೆಮ್ನಿಟ್ಸ್‌ಗೆ ಓದೋಕೆ ಬರೋದು ನನ್ನಿಂದ ಆಗ್ತಾನೇ ಇರಲಿಲ್ಲ, ಹಾಗಾಗಿ ಈ ವಿಷಯದಲ್ಲಿ ನಾನು ಎರಡೂ ಕಡೆ ತೂಗಿ ಮಾತಾಡಲ್ಲ.

ಜರ್ಮನಿಯವರು ಯೋಚನೆ ಇಲ್ಲದೆ ಫ್ರೀ ಕೊಡ್ತಿದಾರೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಇಲ್ಲ, ಅವರು ಫೀಸ್ ಹಾಕಿ ನೋಡಿ, ಬೇಡ ಅಂತ ತೆಗೆದವರು. 2005ರಲ್ಲಿ ಅಲ್ಲಿನ ಸಂವಿಧಾನ ಕೋರ್ಟು, ಫೀಸ್ ತಗೋಬಾರದು ಅಂತ ಕೇಂದ್ರ ಮಾಡಿದ್ದ ಕಾನೂನನ್ನ ರದ್ದು ಮಾಡ್ತು, ಅದಾದ್ಮೇಲೆ ಕೆಲವು ರಾಜ್ಯಗಳು ಸೆಮಿಸ್ಟರಿಗೆ 500 ಯೂರೋವರೆಗೂ ವಸೂಲಿ ಶುರು ಮಾಡಿದ್ವು. ಸ್ಟೂಡೆಂಟ್ಸ್ ಬೀದಿಗಿಳಿದ್ರು. ಹೆಸ್ಸೆ ರಾಜ್ಯ 2008ರಲ್ಲೇ ಕೈಬಿಡ್ತು, ಬವೇರಿಯಾದಲ್ಲಿ 2013ರ ಜನವರಿ ಚಳಿಯಲ್ಲಿ ಜನ ಹೋಗಿ ಹೋಗಿ ಸಹಿ ಹಾಕಿ ಸರ್ಕಾರದ ಮೇಲೆ ಒತ್ತಡ ತಂದು ತೆಗೆಸಿದ್ರು, 2014ಕ್ಕೆ ಕೊನೆಯದಾಗಿ ಲೋವರ್ ಸ್ಯಾಕ್ಸನಿನೂ ನಿಲ್ಲಿಸ್ತು. ಓದು ಅನ್ನೋದು ದುಡ್ಡಿದ್ದವರ ಸೊತ್ತಾಗಬಾರದು ಅಂತ ಒಂದು ಸಮಾಜ ಜಗಳ ಆಡಿ ತೀರ್ಮಾನ ಮಾಡಿದೆ. ಆ ತೀರ್ಮಾನ ಪಾಸ್‌ಪೋರ್ಟ್ ಬಣ್ಣ ನೋಡಿ ಯಾಕೆ ಬದಲಾಗಬೇಕು?

ನಮ್ಮನೆ ವಿಷಯ ಹೇಳ್ತೀನಿ. ಅಪ್ಪ ಜವಳಿ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ನಾನು ಸಿಇಟಿ ಸೀಟಲ್ಲಿ ಇಂಜಿನಿಯರಿಂಗ್ ಮುಗಿಸಿದ ವರ್ಷವೇ ನಮ್ಮ ದೊಡ್ಡಪ್ಪನ ಮಗ ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದ, ಸೈಟಿನ ಪತ್ರ ಬ್ಯಾಂಕಲ್ಲಿಟ್ಟು ಸಾಲ ಮಾಡಿ. ಓದು ಮುಗೀತು, ಕೆಲಸ ಸಿಗೋದು ತಡ ಆಯ್ತು, ಅಲ್ಲಿನ ಕೆಲಸದ ವೀಸಾ ಎಚ್1ಬಿ ಲಾಟರಿಯಲ್ಲಿ ಹೆಸರು ಬರಲಿಲ್ಲ, ಆದ್ರೆ ಇಎಂಐ ಮಾತ್ರ ತಿಂಗಳು ತಪ್ಪದೆ ಬರ್ತಾನೇ ಇತ್ತು. ದೊಡ್ಡಪ್ಪ ರಿಟೈರ್ ಆದ್ಮೇಲೂ ಒಂದು ಫೈನಾನ್ಸ್ ಆಫೀಸಲ್ಲಿ ಕೂತು ಕೆಲಸ ಮಾಡಿದ್ರು. ಅದನ್ನ ನೋಡಿ ನಮ್ಮಪ್ಪ ಫಾರಿನ್ ಮಾತೇ ಎತ್ತಬೇಡ ಅಂದ್ಬಿಟ್ಟಿದ್ರು. ಕೆಮ್ನಿಟ್ಸ್‌ನಲ್ಲಿ ಟ್ಯೂಷನ್ ಫೀಸೇ ಇಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ಕಾಂಟ್ರಿಬ್ಯೂಷನ್ ಕಟ್ಟಿದ್ರೆ ಆಯ್ತು, ಬಸ್ಸು ಟ್ರೈನಿನ ಪಾಸೂ ಅದರಲ್ಲೇ ಬರುತ್ತೆ ಅಂತ ನಾನು ಪ್ರಿಂಟ್ ತಗೊಂಡು ತೋರಿಸಿದಾಗ ಅಪ್ಪ ಎರಡೆರಡು ಸಲ ಓದಿದ್ರು, ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿ ಏನೋ ಬರೆದಿರ್ತಾರೆ ಅಂತ ಹುಡುಕಿದ್ರು. ಏನೂ ಇರಲಿಲ್ಲ.

ಹಾಗಂತ ದುಡ್ಡೇ ಬೇಡ ಅಂತಲ್ಲ. ವೀಸಾಗೆ ಬ್ಲಾಕ್ಡ್ ಅಕೌಂಟ್ ಬೇಕು, ಅಂದ್ರೆ ಖರ್ಚಿನ ದುಡ್ಡು ಮೊದಲೇ ಇಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯೋ ಖಾತೆ, ಈಗ ವರ್ಷಕ್ಕೆ 11,904 ಯೂರೋ ತೋರಿಸಬೇಕು, ನನ್ನ ಕಾಲದಲ್ಲಿ ಸ್ವಲ್ಪ ಕಮ್ಮಿ ಇತ್ತು. ಅಮ್ಮನ ಬಂಗಾರ ಅಡ ಇಟ್ವಿ, ಚೀಟಿ ಎತ್ತಿದ್ವಿ, ಮಾವ ಸ್ವಲ್ಪ ಕೊಟ್ರು. ಇದನ್ನೇ ಹಿಡ್ಕೊಂಡು ನೋಡಿ ಬಡವರಿಗೆ ಎಲ್ಲಾಗುತ್ತೆ ಅಂತ ವಾದ ಮಾಡ್ತಾರೆ. ಆದ್ರೆ ಅದು ಫೀಸ್ ಅಲ್ಲ ಸ್ವಾಮಿ, ನಮ್ಮದೇ ದುಡ್ಡು, ತಿಂಗಳಿಗೆ 992 ಯೂರೋದಂತೆ ನಮ್ಮ ಕೈಗೇ ವಾಪಸ್ ಬರುತ್ತೆ, ರೂಮ್ ಬಾಡಿಗೆಗೆ ಊಟಕ್ಕೆ. ಯಾವ ಊರಿಗೆ ಹೋದ್ರೂ ಊಟ ಮಾಡಲೇಬೇಕಲ್ಲ.

ಇನ್ನು ತೆರಿಗೆ ಕಟ್ಟೋರ ದುಡ್ಡಲ್ಲಿ ಓದ್ತಾರೆ ಅನ್ನೋ ಮಾತು. ಇದನ್ನ ಹೇಳೋರು ನಾವೇನೋ ರಾತ್ರಿ ಬೀಗ ಮುರಿದು ಜರ್ಮನ್ ಖಜಾನೆಗೆ ನುಗ್ಗಿದ ಹಾಗೆ ಮಾತಾಡ್ತಾರೆ! ನನ್ನ ಮೊದಲ ಸಂಬಳದಲ್ಲಿ ತೆರಿಗೆ, ಪೆನ್ಷನ್, ಹೆಲ್ತ್ ಇನ್ಶೂರೆನ್ಸ್ ಅಂತ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಟ್ ಆಗಿತ್ತು, ಇವತ್ತಿಗೂ ಆಗ್ತಾ ಇದೆ. ನನ್ನನ್ನ ಹುಟ್ಟಿದಾಗಿಂದ ಇಂಜಿನಿಯರಿಂಗ್‌ವರೆಗೆ ಸಾಕಿ ಓದಿಸಿದ ಖರ್ಚು ದಾವಣಗೆರೆಯದ್ದು, ಕೊನೆಯ ಮಾಸ್ಟರ್ಸ್ ಮಾತ್ರ ಜರ್ಮನಿಯದ್ದು, ದುಡಿಮೆ ಪೂರ್ತಿ ಜರ್ಮನಿಗೆ. ಲಾಭ ಯಾರಿಗೆ? ಕೆಮ್ನಿಟ್ಸ್ ಅಂಥ ಊರು 1990ರಲ್ಲಿ ಪೂರ್ವ-ಪಶ್ಚಿಮ ಜರ್ಮನಿ ಒಂದಾದ ಆಮೇಲೆ ಜನ ಕಳ್ಕೊಂಡು ಸೊರಗಿದ ಊರು, ಕೆಲಸಕ್ಕೆ ಅಂತ ಹುಡುಗರು ಹುಡುಗಿಯರೆಲ್ಲ ಪಶ್ಚಿಮದ ಕಡೆ ಹೋದ್ರು. ಅಲ್ಲಿ ನಮ್ಮ ಮಾಸ್ಟರ್ಸ್ ಕ್ಲಾಸಲ್ಲಿ ಜಾಸ್ತಿ ಇದ್ದಿದ್ದು ನಮ್ಮಂಥವರೇ.

ಫೀಸ್ ಹಾಕಿದವರ ಕಥೆನೂ ನೋಡಿ. ಸ್ವೀಡನ್ 2011ರಲ್ಲಿ ಯುರೋಪಿನ ಹೊರಗಿನವರಿಗೆ ಫೀಸ್ ಹಾಕ್ತು, ಹೊಸದಾಗಿ ಬರೋರ ಸಂಖ್ಯೆ ಒಂದೇ ಏಟಿಗೆ ಪಾತಾಳಕ್ಕೆ ಹೋಯ್ತು. ನಾರ್ವೆ 2023ರಲ್ಲಿ ಅದೇ ದಾರಿ ಹಿಡೀತು, ಅಲ್ಲೂ ಅದೇ ಆಯ್ತು. ಜರ್ಮನಿಯಲ್ಲಿ ಮಾತ್ರ 2023-24ರ ಚಳಿಗಾಲದ ಸೆಮಿಸ್ಟರಿಗೆ ಭಾರತದವರೇ 49 ಸಾವಿರ ದಾಟಿದ್ರು, ಚೀನಾದವರನ್ನೂ ಹಿಂದೆ ಹಾಕಿ. ಅದರಲ್ಲಿ ನಮ್ಮಪ್ಪನಂಥ ಅಪ್ಪಂದಿರ ಮಕ್ಕಳು ಎಷ್ಟು ಜನ ಇರಬಹುದು! ಬಾಗಿಲು ತೆರೆದಿರೋದಕ್ಕೇ ಬಂದವರು ಅವರು, ಮುಚ್ಚಿದ್ರೆ ನಷ್ಟ ಆಗೋದೂ ಅವರಿಗೇ.

ವಿರೋಧ: ಸ್ವಲ್ಪ ಫೀಸ್ ಇದ್ರೆ ತಪ್ಪೇನಿಲ್ಲ

ವಿರೋಧದ ಕಡೆಯಿಂದ ಬರೀರಿ ಅಂತ ನನ್ನನ್ನ ಕೇಳಿದ್ರು, ಒಪ್ಕೊಂಡೆ. ಪೂರ್ತಿ ಫೀಸ್ ಹಾಕಬೇಕು ಅನ್ನೋನು ನಾನಲ್ಲ, ಅದನ್ನ ಮೊದಲೇ ಹೇಳ್ತೀನಿ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದಿಂದ ಯುರೋಪಿನ ಹೊರಗಿನವರಿಗೆ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಮಾಡಿದ್ದು ನನಗೂ ಅತಿ ಅನ್ಸುತ್ತೆ. ಆದ್ರೆ ನಾನಿರೋ ಸ್ಟುಟ್‌ಗಾರ್ಟ್ ಕಡೆ, ಅಂದ್ರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, 2017ರಿಂದ ಅಂಥವರಿಂದ ಸೆಮಿಸ್ಟರಿಗೆ 1,500 ಯೂರೋ ತಗೊಳ್ತಾ ಇದಾರೆ. ಅದರಿಂದ ಆಕಾಶ ಏನೂ ಕಳಚಿ ಬಿದ್ದಿಲ್ಲ, ಇಲ್ಲಿನ ಕ್ಲಾಸುಗಳಲ್ಲಿ ಇವತ್ತಿಗೂ ನಮ್ಮ ಹುಡುಗರು ಸಿಗ್ತಾರೆ.

ಮುಖ್ಯ ಕಾರಣ ದುಡ್ಡು. ಯೂನಿವರ್ಸಿಟಿ ನಡೆಸೋದು ರಾಜ್ಯಗಳು, ಅವುಗಳ ಖಜಾನೆ ಬಿಗಿ ಆಗ್ತಾ ಇದೆ. 2025ರಲ್ಲಿ ಬರ್ಲಿನ್ ಸರ್ಕಾರ ತನ್ನ ಯೂನಿವರ್ಸಿಟಿಗಳಿಗೆ ಕೊಡೋ ದುಡ್ಡನ್ನೇ ದೊಡ್ಡದಾಗಿ ಕಡಿತ ಮಾಡ್ತು. ಹಾಸ್ಟೆಲ್ ರೂಮಿಗೆ ದೊಡ್ಡ ಊರುಗಳಲ್ಲಿ ಸೆಮಿಸ್ಟರ್‌ಗಟ್ಟಲೆ ಕಾಯ್ತಾರೆ. ಬರೋರ ಸಂಖ್ಯೆ ಏರ್ತಾ ಇರುವಾಗ ಬರೋರಿಂದ ಏನೂ ತಗೊಳ್ಳಲ್ಲ ಅಂದ್ರೆ ಆ ಭಾರ ಎಲ್ಲಿಗೆ ಹೋಗುತ್ತೆ? ಕೆಲಸ ಮಾಡಿ ತೆರಿಗೆ ಕಟ್ಟಿ ತೀರಿಸ್ತೀವಿ ಅಂತಾರೆ, ಒಳ್ಳೇದೇ, ಆದ್ರೆ ಕೆಲಸ ಮಾಡೋರೆಲ್ಲ ತೆರಿಗೆ ಕಟ್ತಾರೆ, ಅದರಲ್ಲಿ ವಿಶೇಷ ಏನಿಲ್ಲ.

ನನಗೆ ನಿಜವಾಗಿ ಸಂಕಟ ಆಗೋದು ಬೇರೆ ವಿಷಯಕ್ಕೆ. ನಮ್ಮ ಊರು ತುಮಕೂರಿನ ಕಡೆಯವನು ಒಬ್ಬ ಹುಡುಗ, ನನ್ನ ಹೆಂಡತಿಗೆ ದೂರದ ಸಂಬಂಧ. ಊರಲ್ಲಿ ಒಬ್ಬ ಕನ್ಸಲ್ಟೆನ್ಸಿಯವನು ಜರ್ಮನಿಯಲ್ಲಿ ಎಲ್ಲಾ ಫ್ರೀ, ಪಾರ್ಟ್ ಟೈಮಲ್ಲೇ ಖರ್ಚು ಕಳೆದು ಮನೆಗೂ ಕಳಿಸಬಹುದು ಅಂತ ತಲೆ ಸವರಿ ಕಳಿಸಿದ್ದ. ಕೋರ್ಸು ಇಂಗ್ಲಿಷಲ್ಲಿ, ಹಾಗಾಗಿ ಜರ್ಮನ್ ಯಾಕೆ ಅಂತ ಎ1 ಅನ್ನೋ ಮೊದಲ ಹಂತ ಮುಗಿಸಿ ನಿಲ್ಲಿಸಿದ. ಮೊದಲ ವರ್ಷದ ಬ್ಲಾಕ್ಡ್ ಅಕೌಂಟ್ ದುಡ್ಡು ಖಾಲಿ ಆಯ್ತು, ಎರಡನೇ ವರ್ಷಕ್ಕೆ ಮನೆಯಿಂದ ಬರೋ ಹಾಗಿರಲಿಲ್ಲ. ಸೈಕಲ್ ಮೇಲೆ ಊಟ ಡೆಲಿವರಿ, ವೇರ್‌ಹೌಸಲ್ಲಿ ರಾತ್ರಿ ಪಾಳಿ. ಸ್ಟೂಡೆಂಟ್ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಮಾತ್ರ ಕೆಲಸ ಮಾಡಬಹುದು, ಅದನ್ನ ಎಣಿಸಿ ಎಣಿಸಿ ಖರ್ಚು ಮಾಡ್ತಿದ್ದ. ಪರೀಕ್ಷೆ ಮುಂದೆ ಹಾಕ್ತಾ ಹೋದ, ಫೀಸ್ ಇಲ್ವಲ್ಲ, ಇನ್ನೊಂದು ಸೆಮಿಸ್ಟರ್ ಇದ್ರೆ ಏನು ಅಂತ. ಒಂದು ದಿನ ಚಳಿಯಲ್ಲಿ ಜ್ವರ ಬಂದು ನಮ್ಮನೆಗೆ ಬಂದವನು ಮೂರು ದಿನ ಮಲಗೇ ಇದ್ದ, ಅಪ್ಪನ ಫೋನ್ ಬಂದ್ರೆ ಎತ್ತಲ್ಲ. ಏನು ಹೇಳಲಿ ಅಣ್ಣ ಅವರಿಗೆ, ಫ್ರೀ ಅಂತ ಹೇಳಿ ಬಂದೀನಿ ಅಂದ. ಅವನಿಗೆ ನಾನೂ ಏನೂ ಹೇಳಲಿಲ್ಲ, ಹೆಂಡತಿ ಗಂಜಿ ಮಾಡಿ ಕೊಟ್ಲು.

ಅವನು ದಡ್ಡ ಅಲ್ಲ, ಸೋಮಾರಿನೂ ಅಲ್ಲ. ಸೇರೋ ಮುಂಚೆನೇ ಒಂದಷ್ಟು ದುಡ್ಡು ಕಟ್ಟಬೇಕು ಅಂತಿದ್ರೆ ಮನೆಯವರೆಲ್ಲ ಕೂತು ಎರಡು ವರ್ಷದ ಪೂರ್ತಿ ಲೆಕ್ಕ ಹಾಕ್ತಿದ್ರು, ಆಗ ಬಹುಶಃ ಒಂದು ವರ್ಷ ತಡ ಮಾಡಿ, ಭಾಷೆ ಕಲಿತು ಬರ್ತಿದ್ದ ಅಂತ ನನಗನ್ಸುತ್ತೆ. ಕೆಮ್ನಿಟ್ಸ್‌ನಲ್ಲಿ ಓದಿದವರಿಗೆ ಒಳ್ಳೇದಾಯ್ತು, ಸಂತೋಷ, ಆದ್ರೆ ದಾರಿ ತಪ್ಪಿದವರು ಯಾರೂ ಲೇಖನ ಬರೆಯೋಕೆ ಬರಲ್ಲ.

1,500 ಜಾಸ್ತಿ ಅಂದ್ರೆ 500 ತಗೊಳ್ಳಲಿ, ಕಷ್ಟದಲ್ಲಿರೋರಿಗೆ ಮಾಫಿ ಇರಲಿ. ಆ ದುಡ್ಡು ಸರ್ಕಾರದ ದೊಡ್ಡ ಹುಂಡಿಗೆ ಹೋಗದೆ ಮೊದಲ ಸೆಮಿಸ್ಟರಿಂದಲೇ ಕಡ್ಡಾಯ ಜರ್ಮನ್ ಕ್ಲಾಸಿಗೆ, ಹಾಸ್ಟೆಲ್ ಕಟ್ಟೋಕೆ ಹೋಗಲಿ. ಇಷ್ಟಕ್ಕೆ ಒಪ್ಪಿದ್ರೆ ಬೇರೆ ಯಾವ ವಿಷಯಕ್ಕೂ ನಾನು ಜಗಳ ಆಡಲ್ಲ.